ಎಷ್ಟು ಮಕ್ಕಳು ಅಂತ ಹೇಳೋರು ಯಾರು?

ಅಕ್ಕಮಹಾದೇವಿಯ ಉಡುತಡಿ ಇರುವ ಶಿಕಾರಿಪುರ ತಾಲ್ಲೂಕು ನನ್ನ ತವರು. ಅಲ್ಲಿ ಪಕ್ಕದ್ಮನೆ ಆಪಾ ಮೊನ್ನೆ ಹೇಳಿದ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ‘ನಮ್ಮಮ್ಮಂಗೆ ನಾವು ಎಂಟು ಜನ. ನಂಗೆ ಎರಡೇ ಸಾಕು. ಆಪರೇಷನ್ ಅಂದ್ರೆ ಮನೇಲಿ ಬೇಡ ಅಂತಾರೆ. ಇನ್ನೊಂದಾದ್ರೆ ಊರೋರೇ ಆಡ್ಕೋತಾರೆ, ನಿಮ್ಮೋರಿಗೆ ಲೆಕ್ಕಾನೇ ಇಲ್ವಾ ಅಂತ. ನನ್ನನ್ನ ಯಾರು ಕೇಳ್ತಾರೆ ಹೇಳು?’

ಗೆಳತಿಯರೇ, ಹಾಗೆ ಆಡಿಕೊಳ್ಳುವವರಲ್ಲಿ ನಾವೂ ಇದ್ದೇವಲ್ಲವೇ? ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ದೇಶದ ಮುಸ್ಲಿಂ ಮಹಿಳೆಗೆ ಸರಾಸರಿ 4.4 ಮಕ್ಕಳು. 2019-21ರ ಹೊತ್ತಿಗೆ ಅದು 2.4ಕ್ಕೆ ಇಳಿಯಿತು. ಹಿಂದೂ ಮಹಿಳೆಯರಲ್ಲಿ 3.3ರಿಂದ 1.9ಕ್ಕೆ. ಅಂತರ ಇನ್ನೂ ಇದೆ, ಆದರೆ ಕಿರಿದಾಗುತ್ತಿದೆ. ಶಾಲೆಯ ಮೆಟ್ಟಿಲೇ ಹತ್ತದ ಹೆಂಗಸರಿಗೆ ಸರಾಸರಿ 2.8 ಮಕ್ಕಳಾದರೆ, ಪಿಯುಸಿವರೆಗೆ ಅಥವಾ ಮುಂದಕ್ಕೆ ಓದಿದವರಿಗೆ 1.8. ಜಾತಿ-ಧರ್ಮಕ್ಕಿಂತ ಓದಿನ ಕೈ ದೊಡ್ಡದು.

ಬಲವಂತ ಏನು ಮಾಡುತ್ತದೆ ಅನ್ನೋದನ್ನೂ ಕಂಡಿದ್ದೇವೆ. 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದದ್ದು ನಮ್ಮ ಮೈಸೂರು ಸಂಸ್ಥಾನ. ಅದೇ ದೇಶದಲ್ಲಿ 1976ರ ತುರ್ತು ಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದು ಆಪರೇಷನ್ ಮಾಡಿಸಿದರು. ಜನ ಆ ಹೆಸರು ಕೇಳಿದರೇ ಬೆದರುವಂತಾಯಿತು. ಆಮೇಲೆ ಇಡೀ ಭಾರ ಬಿದ್ದದ್ದು ನಮ್ಮ ಹೊಟ್ಟೆಯ ಮೇಲೆ. ಅದೇ 2019-21ರ ಸಮೀಕ್ಷೆಯಲ್ಲಿ ಆಪರೇಷನ್ ಮಾಡಿಸಿಕೊಂಡ ಹೆಂಗಸರು ಶೇ 38ರಷ್ಟು; ಗಂಡಸರು ಶೇ 0.3! ಇದರಲ್ಲಿ ಮಾತ್ರ ಎಲ್ಲ ಧರ್ಮದ ಗಂಡಸರೂ ಒಂದೇ.

ಆಪಾಗೆ ನಾನು ಹೇಳಿದ್ದು ಇಷ್ಟು. ಆಪರೇಷನ್ ಒಂದೇ ದಾರಿಯಲ್ಲ. ಶಾಶ್ವತ ಆಪರೇಷನ್ ಧರ್ಮಕ್ಕೆ ಒಪ್ಪುವುದಿಲ್ಲ ಎನ್ನುವ ಎಷ್ಟೋ ಮನೆಗಳಲ್ಲಿ ತಾತ್ಕಾಲಿಕ ಉಪಾಯಗಳಿಗೆ ಅಡ್ಡಿಯಿಲ್ಲ. ಬೇಕೆಂದಾಗ ತೆಗೆಸಬಹುದಾದ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕಿಸುವ ‘ಅಂತರಾ’ ಇಂಜೆಕ್ಷನ್, ‘ಛಾಯಾ’ ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಿಮಗೆ ಯಾವುದು ಹೊಂದುತ್ತದೆ ಅಂತ ಡಾಕ್ಟರ ಹತ್ತಿರ ಕೇಳಿಯೇ ನಿರ್ಧರಿಸಿ. ಮಕ್ಕಳು ಸಾಕು ಅಂತ ಇಬ್ಬರಿಗೂ ಅನಿಸಿದ್ದರೆ ಯಜಮಾನರನ್ನೂ ಕರೆದುಕೊಂಡು ಹೋಗಿ. ಗಂಡಸರ ಆಪರೇಷನ್ ಹೆಂಗಸರದಕ್ಕಿಂತ ಸುಲಭ, ನಿಮಿಷಗಳಲ್ಲಿ ಮುಗಿಯುತ್ತದೆ. ಆಮೇಲೆ ಮೂರು ತಿಂಗಳು ಮಾತ್ರ ಬೇರೆ ಎಚ್ಚರಿಕೆ ಬೇಕು.

ಎಷ್ಟು ಮಕ್ಕಳು ಅನ್ನೋದನ್ನ ಸರ್ಕಾರ, ಅತ್ತೆ, ಊರು ಎಲ್ಲರೂ ಹೇಳುತ್ತಾರೆ. ಹೆರುವವಳ ಮಾತು ಮೊದಲು ಬರಲಿ. ಮುಂದಿನ ಸಲ ‘ಅವರಲ್ಲಿ ಮಕ್ಕಳು ಜಾಸ್ತಿ’ ಅಂತ ಯಾರಾದರೂ ಅಂದರೆ ನಕ್ಕು ಸುಮ್ಮನಾಗಬೇಡಿ. ಲೆಕ್ಕ ಹೇಳಿ.