ಉರಿಯದ ಅನಿಲವೂ ಇಂಧನವಾದೀತೇ?



ಗೋಬರ್ ಗ್ಯಾಸ್‌ನಲ್ಲಿ ಅಡುಗೆ ಮಾಡಿದವರಿಗೆ ಅದರ ನೀಲಿ ಉರಿಯ ಪರಿಚಯವಿದೆ. ಆದರೆ ಪೈಪಿನಲ್ಲಿ ಬರುವ ಅನಿಲವೆಲ್ಲವೂ ಉರಿಯುವುದಿಲ್ಲ ಎಂಬುದು ನಿಮಗೆ ಗೊತ್ತೇ? ಅದರಲ್ಲಿ ಉರಿಯುವ ಮೀಥೇನ್ ಸುಮಾರು ಶೇ. 60 ಮಾತ್ರ. ಉಳಿದುದರಲ್ಲಿ ಹೆಚ್ಚಿನ ಪಾಲು ಕಾರ್ಬನ್ ಡೈ ಆಕ್ಸೈಡ್. ನಾವು ಉಸಿರಿನೊಂದಿಗೆ ಹೊರಬಿಡುವ, ಬೆಂಕಿಯನ್ನು ನಂದಿಸುವ ಅನಿಲವದು. ಅದನ್ನೂ ಇಂಧನವಾಗಿಸಲು ಸಾಧ್ಯವೇ?

ಸಾಧ್ಯ. ಸಗಣಿಯ ಗುಂಡಿಯಲ್ಲಿ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳ ಬಳಗವೇ ಈ ಕೆಲಸವನ್ನೂ ಮಾಡುತ್ತದೆ. ಇವುಗಳ ಹೆಸರು ಆರ್ಕಿಯಾ. ಇವು ಬ್ಯಾಕ್ಟೀರಿಯಾಗಳಲ್ಲ, ಬೇರೆಯೇ ವಂಶದವು ಎಂದು 1977ರಲ್ಲಿ ಅಮೇರಿಕಾದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟರು. ಆಮ್ಲಜನಕವೆಂದರೆ ಇವುಗಳಿಗೆ ವಿಷ. ಗಾಳಿಯಾಡದ ತೊಟ್ಟಿಯಲ್ಲಿ ಜಲಜನಕವನ್ನು ಒದಗಿಸಿದರೆ, ಅದನ್ನು ಕಾರ್ಬನ್ ಡೈ ಆಕ್ಸೈಡ್‌ನೊಂದಿಗೆ ಕೂಡಿಸಿ ಮೀಥೇನ್ ಮತ್ತು ನೀರನ್ನಾಗಿ ಮಾಡುತ್ತವೆ. ಅದರಿಂದ ಸಿಗುವ ಅಲ್ಪ ಶಕ್ತಿಯಲ್ಲೇ ಅವು ಬದುಕುತ್ತವೆ.

ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್ ಬಳಿಯ ಕೊಳಚೆ ನೀರು ಶುದ್ಧೀಕರಣ ಘಟಕವೊಂದರಲ್ಲಿ 2016ರಲ್ಲಿ ಈ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಲಾಯಿತು. ಸ್ವಿಟ್ಜರ್ಲೆಂಡ್‌ನ ಡೀಟಿಕಾನ್ ಪಟ್ಟಣದಲ್ಲಿ 2022ರಲ್ಲಿ ಇಂಥದ್ದೇ ಸ್ಥಾವರ ಆರಂಭವಾಯಿತು. ಅಲ್ಲಿ ಕಸ ಸುಟ್ಟು ಪಡೆದ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಜಲಜನಕ ಪಡೆಯುತ್ತಾರೆ. ಅದನ್ನು ಕೊಳಚೆಯಿಂದ ಹುಟ್ಟುವ ಅನಿಲದೊಂದಿಗೆ ಈ ಜೀವಿಗಳಿಗೆ ಉಣಿಸುತ್ತಾರೆ. ಸಿದ್ಧವಾದ ಮೀಥೇನ್ ಗ್ಯಾಸ್ ಕೊಳವೆಯ ಜಾಲಕ್ಕೆ ಸೇರುತ್ತದೆ.

ಹಾಗಾದರೆ ಇನ್ನು ಗ್ಯಾಸ್ ಪುಕ್ಕಟೆಯೇ? ಖಂಡಿತ ಇಲ್ಲ. ಜಲಜನಕಕ್ಕಾಗಿ ವ್ಯಯಿಸಿದಷ್ಟು ಶಕ್ತಿ ಮೀಥೇನ್‌ನಲ್ಲಿ ಮರಳಿ ಸಿಗುವುದಿಲ್ಲ. ಕಲ್ಲಿದ್ದಲಿನ ವಿದ್ಯುತ್ ಬಳಸಿದರೆ ನಷ್ಟವೇ ಹೆಚ್ಚು. ಬಿಸಿಲು, ಗಾಳಿಯಿಂದ ಉತ್ಪಾದಿಸಿ ಮಿಕ್ಕಿದ ವಿದ್ಯುತ್ತನ್ನು ಕೂಡಿಡಲು ಮಾತ್ರ ಇದು ಒಳ್ಳೆಯ ದಾರಿ. ಮಳೆಗಾಲಕ್ಕೆಂದು ನಾವು ಬೇಸಿಗೆಯಲ್ಲೇ ಹಪ್ಪಳ ಒಣಗಿಸಿಡುವುದಿಲ್ಲವೇ, ಹಾಗೆ.

ಇನ್ನೊಂದು ಮಾತು. ಮೀಥೇನ್ ಉರಿದರೆ ಅದೇ ಕಾರ್ಬನ್ ಡೈ ಆಕ್ಸೈಡ್ ಮತ್ತೆ ಗಾಳಿಗೆ ಸೇರುತ್ತದೆ. ಉರಿಯದೆ ಸೋರಿದರೆ ಅಪಾಯ ಇನ್ನೂ ಹೆಚ್ಚು. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಕಾರ್ಬನ್ ಡೈ ಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಆದ್ದರಿಂದ ನಿಮ್ಮ ಮನೆಯಲ್ಲಿ ಗೋಬರ್ ಗ್ಯಾಸ್ ಇದ್ದರೆ, ಅದರ ಪೈಪು ಸೋರುತ್ತಿದ್ದರೆ, 'ಸಗಣಿಯ ಗ್ಯಾಸ್ ತಾನೇ, ಹೋದರೆ ಹೋಗಲಿ' ಎಂದು ಸುಮ್ಮನಿರಬೇಡಿ. ಇಂದೇ ಸರಿಪಡಿಸಿ.