ಒಂದುಗಳು ಎಷ್ಟು?

ಕೋಲಾರದ ಚಿನ್ನದ ಗಣಿ ಎಂದೊಡನೆ ನಂದಿದುರ್ಗ, ಚಾಂಪಿಯನ್ ರೀಫ್, ಮೈಸೂರು ಗಣಿಗಳ ಹೆಸರು ನೆನಪಾಗುತ್ತದೆ. 2001ರಲ್ಲಿ ಅಲ್ಲಿ ಗಣಿಗಾರಿಕೆ ನಿಂತಿತು. ಆದರೆ ಆ ಆಳದಲ್ಲಿ ಒಂದು ಕಾಲಕ್ಕೆ ಚಿನ್ನವನ್ನಷ್ಟೇ ಅಲ್ಲ, ಕಣಗಳನ್ನೂ ಹುಡುಕುತ್ತಿದ್ದರು.

1980ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾಗೂ ಜಪಾನಿನ ವಿಜ್ಞಾನಿಗಳು, ಪ್ರೋಟಾನ್ ಎಂದಾದರೂ ಒಡೆಯುತ್ತದೆಯೇ ಎಂದು ತಿಳಿಯಲು ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಹೂಡಿದರು. ಕಬ್ಬಿಣದ ತಟ್ಟೆಗಳ ನಡುವೆ ಪದರಪದರವಾಗಿ ಅನಿಲ ತುಂಬಿದ ಸುಮಾರು 1600 ಕೊಳವೆಗಳು! ಮೇಲಿನ ಬಂಡೆ ವಿಶ್ವಕಿರಣಗಳ ಬಹುಪಾಲನ್ನು ತಡೆಯುವುದರಿಂದಲೇ ಅಷ್ಟು ಆಳ.

ವಿದ್ಯುದಾವೇಶವುಳ್ಳ ಕಣ ಹಾದರೆ ಕೊಳವೆ ಸಂಕೇತ ಕೊಡುತ್ತದೆ. ಕೊಟ್ಟ ಕೊಳವೆಗೆ 1, ಕೊಡದ್ದಕ್ಕೆ 0 ಎಂದು ಬರೆದರೆ ಒಂದು ದ್ವಿಮಾನ ಸಂಖ್ಯೆ ಸಿಗುತ್ತದೆ. ಬಂಡೆಯ ಸಹಜ ವಿಕಿರಣದಿಂದ ಯಾವುದೋ ಒಂದು ಕೊಳವೆ ಸಂಕೇತ ಕೊಡಬಹುದು. ಆದರೆ ಪದರಗಳನ್ನು ದಾಟಿ ಹೋಗುವ ಕಣ ಹಲವು ಕೊಳವೆಗಳಲ್ಲಿ ಗುರುತು ಬಿಡುತ್ತದೆ. ಹಾಗಾದರೆ ಇಂಥ ಸಂಖ್ಯೆಯಲ್ಲಿ ಒಂದುಗಳು ಎಷ್ಟು? ಜೊಳ್ಳು ಯಾವುದು, ಕಾಳು ಯಾವುದು ಎಂಬುದರ ಮೊದಲ ಸುಳಿವು ಅಲ್ಲಿದೆ.

ಬಿಟ್‌ಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ 32 ಬಿಟ್‌ಗಳಿಗೆ 32 ಸಲ ನೋಡಬೇಕು. ಪೀಟರ್ ವೆಗ್ನರ್ 1960ರಲ್ಲಿ ಪ್ರಕಟಿಸಿದ ಜಾಣ ವಿಧಾನ ಬೇರೆ. ಸಂಖ್ಯೆಯಿಂದ 1 ಕಳೆಯಿರಿ. ಹಳೆಯದು, ಹೊಸದು ಎರಡನ್ನೂ ಒಂದರ ಕೆಳಗೊಂದು ಬರೆದು, ಎರಡರಲ್ಲೂ 1 ಇರುವ ಸ್ಥಾನದಲ್ಲಿ ಮಾತ್ರ 1 ಉಳಿಸಿಕೊಳ್ಳಿ. 52ನ್ನು ನೋಡೋಣ:

52 = 110100
51 = 110011
ಉಳಿದದ್ದು 110000, ಅಂದರೆ 48.

ಬಲತುದಿಯ 1 ಮಾಯ! ಏಕೆ? 1 ಕಳೆದಾಗ ಬಲಗಡೆಯ ಕೊನೆಯ 1 ಸೊನ್ನೆಯಾಗುತ್ತದೆ, ಅದರ ಬಲಕ್ಕಿದ್ದ ಸೊನ್ನೆಗಳು ಒಂದುಗಳಾಗುತ್ತವೆ, ಎಡಭಾಗ ಬದಲಾಗುವುದಿಲ್ಲ. ಇದನ್ನೇ ಮುಂದುವರಿಸಿದರೆ 48ರಿಂದ 32, 32ರಿಂದ 0. ಮೂರು ಹೆಜ್ಜೆ, ಮೂರು ಒಂದುಗಳು. 32 ಬಿಟ್‌ಗಳಲ್ಲಿ ಮೂರೇ ಒಂದುಗಳಿದ್ದರೂ ಮೂರೇ ಹೆಜ್ಜೆ ಸಾಕು. ಬಹುತೇಕ ಕೊಳವೆಗಳು ಮೌನವಾಗಿರುವ ಕಡೆ ಇದೆಷ್ಟು ಉಳಿತಾಯ!

ಇಂದಿನ ಅನೇಕ ಪ್ರೊಸೆಸರ್‌ಗಳಲ್ಲಿ ಈ ಎಣಿಕೆಗೆಂದೇ ಒಂದು ಆಜ್ಞೆಯಿದೆ. ಆದರೂ ಈ ವಿಧಾನವನ್ನು ಕಲಿಯಬೇಕು. ಲೆಕ್ಕಕ್ಕೆ ಕೈಹಾಕುವ ಮುನ್ನ ಸಂಖ್ಯೆಯ ಸ್ವಭಾವ ನೋಡಿದರೆ ಶ್ರಮ ಉಳಿಯುತ್ತದೆಂದು ಅದು ತೋರಿಸಿಕೊಡುತ್ತದೆ. ಇದಕ್ಕೆ ಕಂಪ್ಯೂಟರ್ ಬೇಡ. ತಂದೆತಾಯಿ, ಮಕ್ಕಳು ಒಟ್ಟಿಗೆ ಕುಳಿತರೆ ಕಾಗದ, ಪೆನ್ಸಿಲು ಸಾಕು.

ಕೊನೆಗೊಂದು ಪ್ರಶ್ನೆ: ಒಂದೇ ಹೆಜ್ಜೆಯಲ್ಲಿ ಸೊನ್ನೆಯಾಗುವ ಸಂಖ್ಯೆಗಳು ಯಾವುವು?