ಮೂರು ಕ್ಯಾಮೆರಾ, ಒಂದೇ ಗಡಿಯಾರ!

ಫೈಟ್ ಸೀನಿಗೆ ಶಿಳ್ಳೆ ಹೊಡೆಯುವ ಗೆಳೆಯರೇ, ಈ ವಾರ ನಿಮಗೊಂದು ಪ್ರಶ್ನೆ. ಹೀರೋ ಕೈ ಎತ್ತಿದ್ದು ಒಂದು ಕ್ಯಾಮೆರಾದಲ್ಲಿ, ಏಟು ಬಿದ್ದದ್ದು ಇನ್ನೊಂದರಲ್ಲಿ, ವಿಲನ್ ಹಾರಿಬಿದ್ದದ್ದು ಮತ್ತೊಂದರಲ್ಲಿ. ಒಟ್ಟಿಗೆ ಓಡಿದ ಈ ಮೂರನ್ನೂ ಸಂಕಲನಕಾರ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಜೋಡಿಸುವುದು ಹೇಗೆ? ಬರೀ ಕಣ್ಣಳತೆಯಲ್ಲಾ? ಅಲ್ಲ ಸ್ವಾಮಿ! ಅದಕ್ಕೊಂದು ಲೆಕ್ಕವಿದೆ. ಹೆಸರು ಟೈಮ್ ಕೋಡ್.

ನನ್ನನ್ನು ಇದನ್ನು ಕೇಳಿದವರು ಕ್ಯಾಸಂಬಳ್ಳಿಯ ಹುಡುಗರು. 2018ರ ಡಿಸೆಂಬರಿನಲ್ಲಿ ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್’ ಬಂತಲ್ಲ, ನಮ್ಮ ಸೈನೈಡ್ ದಿಬ್ಬಗಳನ್ನು ಬೆಳ್ಳಿತೆರೆಯ ಮೇಲೆ ಕಂಡ ಮೇಲೆ ಈ ಕಡೆ ಕ್ಯಾಮೆರಾ ಹುಚ್ಚು ಇನ್ನೂ ಇಳಿದಿಲ್ಲ. ಕನಸು ಸಿನಿಮಾದ್ದು, ಅನ್ನ ಹಾಕುವುದು ಮಾತ್ರ ಮದುವೆ ವಿಡಿಯೋ.

ಇವರಲ್ಲೊಬ್ಬ ಬಂಗಾರಪೇಟೆಯ ಮದುವೆಯೊಂದಕ್ಕೆ ಮೂರು ಕ್ಯಾಮೆರಾ ಬಾಡಿಗೆಗೆ ತಂದ. ಒಂದು ತಾಳಿಯ ಮೇಲೆ, ಒಂದು ಹೆಣ್ಣಿನ ಮುಖದ ಮೇಲೆ, ಒಂದು ವಾಲಗದವರ ಮೇಲೆ. ಎಡಿಟಿಂಗಿಗೆ ಕೂತರೆ ಡೋಲಿನ ಮೇಲೆ ಕೋಲು ಬೀಳುವುದು ಒಂದು ಕ್ಷಣ, ಗಟ್ಟಿಮೇಳದ ಸದ್ದು ಕೇಳುವುದು ಇನ್ನೊಂದು ಕ್ಷಣ! ನಾಲ್ಕು ರಾತ್ರಿ ನಿದ್ದೆಗೆಟ್ಟರೂ ಕೂಡಲಿಲ್ಲ. ಹೆಣ್ಣಿನ ತಂದೆ ಬಾಕಿ ದುಡ್ಡು ಕೊಡಲಿಲ್ಲ. “ಸಿನಿಮಾದಲ್ಲಾದರೆ ಇನ್ನೊಂದು ಟೇಕ್ ಇದೆ ಅಣ್ಣಾ, ತಾಳಿಗೆಲ್ಲಿಂದ ತರಲಿ?” ಅಂದ. ನಿಜವಾದ ಮಾತು.

ನನ್ನ ಓದು ಪಿ.ಯು.ಸಿ.ಯ ಅರ್ಧಕ್ಕೇ ನಿಂತದ್ದು. ಆದರೆ ಈ ಲೆಕ್ಕಕ್ಕೆ ಅಷ್ಟೂ ಬೇಡ. ಟೈಮ್ ಕೋಡ್ ಎಂದರೆ ಪ್ರತಿ ಫ್ರೇಮಿಗೂ ಒಂದು ವಿಳಾಸ. 10:42:15:08 ಎಂದಿದ್ದರೆ ಗಂಟೆ, ನಿಮಿಷ, ಸೆಕೆಂಡು, ಕೊನೆಯದು ಫ್ರೇಮಿನ ನಂಬರು. 1960ರ ದಶಕದಲ್ಲಿ ಅಮೆರಿಕದ ವಿಡಿಯೋ ಟೇಪಿನವರು ಕಂಡುಕೊಂಡ ಉಪಾಯ ಇದು. 1975ರಲ್ಲಿ ಎಸ್.ಎಂ.ಪಿ.ಟಿ.ಇ. ಹೆಸರಿನ ಮಾನಕವಾಯಿತು.

ಈ ಕೋಡ್ ಓಡುವ ರೀತಿ ಎರಡು. ‘ರೆಕಾರ್ಡ್ ರನ್’ನಲ್ಲಿ ಕ್ಯಾಮೆರಾ ಓಡಿದಾಗ ಮಾತ್ರ ಅಂಕಿ ಮುಂದಕ್ಕೆ ಹೋಗುತ್ತದೆ. ಒಂದೇ ಕ್ಯಾಮೆರಾಕ್ಕೆ ಇದು ಚೆನ್ನ. ಮೂರಿದ್ದರೆ ಮೂರೂ ಮೂರು ದಿಕ್ಕು! ಅಲ್ಲಿ ಬೇಕಾದ್ದು ‘ಫ್ರೀ ರನ್’. ಶೂಟ್ ಮಾಡಿದರೂ ಬಿಟ್ಟರೂ ಗಡಿಯಾರದಂತೆ ಓಡುತ್ತಲೇ ಇರುತ್ತದೆ.

ನಮ್ಮ ಚಿನ್ನದ ಗಣಿಯ ಕಾಲ ನೆನೆಸಿಕೊಳ್ಳಿ. ಸೈರನ್ ಕೂಗಿದಾಗ ವಾಚು ಸರಿಮಾಡಿಕೊಂಡ ಇಬ್ಬರಲ್ಲಿ ಒಬ್ಬ ಪಾತಾಳಕ್ಕಿಳಿದರೂ ಇನ್ನೊಬ್ಬ ಪೇಟೆಗೆ ಹೋದರೂ ಟೈಮು ಒಂದೇ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಪಾಠ ಉಳಿಯಿತು. ದೊಡ್ಡ ಶೂಟಿಂಗಿನಲ್ಲಿ ಸೈರನ್ ಕೆಲಸವನ್ನು ಅಂಗೈಯಗಲದ ಡಬ್ಬಿ ಮಾಡುತ್ತದೆ. ಬೆಳಿಗ್ಗೆ ಎಲ್ಲ ಕ್ಯಾಮೆರಾಗಳಿಗೂ ಒಂದೇ ಟೈಮ್ ತುಂಬುತ್ತಾರೆ. ಇದಕ್ಕೆ ‘ಜಾಮ್ ಸಿಂಕ್’ ಅಂತಾರೆ. ಆದರೆ ಎರಡು ವಾಚು ಸಂಜೆವರೆಗೂ ಒಂದೇ ನಡೆ ನಡೆಯುವುದಿಲ್ಲ, ಕ್ಯಾಮೆರಾ ಗಡಿಯಾರವೂ ಅಷ್ಟೇ. 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಎಂದರೆ ಸೆಕೆಂಡಿನ 25ನೇ ಒಂದು ಭಾಗ. ಮೂರು ನಾಲ್ಕು ಜಾರಿದರೆ ತುಟಿಗೂ ಮಾತಿಗೂ ಜಗಳ. ಅದಕ್ಕೇ ಊಟದ ಬಿಡುವಿನಲ್ಲಿ, ಬ್ಯಾಟರಿ ಬದಲಿಸಿದ ಮೇಲೆ ಮತ್ತೆ ತುಂಬಬೇಕು.

ಡಬ್ಬಿ ತರಲು ದುಡ್ಡಿಲ್ಲವೇ? ಆ ತಮ್ಮನಿಗೆ ನಾನು ಹೇಳಿದ್ದಿಷ್ಟು. ಮೊದಲು ಮೂರೂ ಕ್ಯಾಮೆರಾ 25 ಫ್ರೇಮಿಗೇ ಇಡು. ಒಂದು 25, ಇನ್ನೊಂದು 29.97 ಆದರೆ ದೇವರೇ ಬಂದರೂ ಫ್ರೇಮಿಗೆ ಫ್ರೇಮ್ ಕೂಡದು. ಮೂರರಲ್ಲೂ ಸೌಂಡ್ ಆನ್ ಇರಲಿ. ಶುರುವಿನಲ್ಲಿ ಮೂರಕ್ಕೂ ಕಾಣುವಂತೆ ಜೋರಾಗಿ ಒಂದು ಚಪ್ಪಾಳೆ, ಮುಗಿದಾಗ ಇನ್ನೊಂದು. ಮೊದಲನೆಯದು ಜೋಡಿಸಲು, ಎರಡನೆಯದು ಎಷ್ಟು ಜಾರಿದೆ ನೋಡಲು. ಮುಹೂರ್ತ ಮುಗಿಯುವವರೆಗೆ ಯಾವ ಕ್ಯಾಮೆರಾವನ್ನೂ ನಿಲ್ಲಿಸಬೇಡ. ಕಾರ್ಡುಗಳ ಮೇಲೆ ಎ, ಬಿ, ಸಿ ಬರೆ.

ಕಪಾಟಿನಲ್ಲಿ ಹಳೇ ಡಿ.ವಿ. ಟೇಪ್ ಇಟ್ಟುಕೊಂಡವರಿಗೂ ಒಂದು ಮಾತು. ಚಿಕ್ಕ ಕ್ಯಾಮೆರಾಗಳಲ್ಲಿ ಪ್ರತಿ ಟೇಪೂ ಸೊನ್ನೆಯಿಂದಲೇ ಶುರು. ನಡುವೆ ಖಾಲಿ ಜಾಗ ಬಿಟ್ಟು ರೆಕಾರ್ಡ್ ಮಾಡಿದ್ದರೆ ಅಲ್ಲಿ ಮತ್ತೆ ಸೊನ್ನೆ! ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆ ಇದ್ದಂತೆ. ಕಂಪ್ಯೂಟರಿಗೆ ಇಳಿಸುವಾಗ ಪ್ರತಿ ಟೇಪಿಗೂ ಬೇರೆ ಹೆಸರು ಕೊಡಿ, ಸೊನ್ನೆ ಬಂದಲ್ಲಿಂದ ಇನ್ನೊಂದು ಟೇಪೆಂದೇ ಲೆಕ್ಕ ಹಾಕಿ.

ಜಾತ್ರೆಯಲ್ಲಿ ರಾತ್ರಿಯೆಲ್ಲಾ ನಾಟಕ ಹಿಡಿಯುವವರು ಇನ್ನೊಂದು ನೆನಪಿಡಿ. ನಡುರಾತ್ರಿ ಹನ್ನೆರಡಕ್ಕೆ ಕೋಡ್ ಸೊನ್ನೆಗೆ ಬರುತ್ತದೆ. ಆಗ ಕಂಪ್ಯೂಟರ್ ಕ್ಲೈಮ್ಯಾಕ್ಸನ್ನು ಮೊದಲ ಅಂಕಕ್ಕಿಂತ ಮುಂಚೆಯೇ ತಂದು ಕೂರಿಸೀತು! ಎಲ್ಲ ಕ್ಯಾಮೆರಾಗಳಲ್ಲೂ ಕೋಡನ್ನು ಸಂಜೆಗೇ 01:00:00:00 ಎಂದಿಟ್ಟು ಒಟ್ಟಿಗೆ ಶುರುಮಾಡಿದರೆ ಬೆಳಗಿನವರೆಗೂ ತಂಟೆಯಿಲ್ಲ.

ಹೀರೋನ ಏಟಿಗೆ ಶಿಳ್ಳೆ ಹೊಡೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಆ ಏಟು ಸರಿಯಾದ ಫ್ರೇಮಿಗೆ ಬೀಳಲಿ ಎಂದು ಬಿಸಿಲಲ್ಲಿ ಕ್ಲಾಪ್ ಹಿಡಿದು ನಿಂತವನೊಬ್ಬ ಇರುತ್ತಾನೆ. ಕೊನೆಯ ಟೈಟಲ್ಲಿನಲ್ಲಿ ಅವನ ಹೆಸರು ಹಾದುಹೋಗುವವರೆಗಾದರೂ ಸೀಟಿನಿಂದ ಏಳಬೇಡಿ.